ಮಂಕಿ ದಾರಿಯಲ್ಲಿ ಮಾಯವಾದ ಸೈಕಲ್ಲುಗಳು

ನನ್ನ ತಮ್ಮ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮಾಡಿದ ಮೊದಲ ಕೆಲಸ ಸೈಕಲ್ಲು ಕೊಂಡದ್ದು. ಎರಡನೆಯದು ಒಂದು ಸಂಘ ಕಟ್ಟಿ ಅದಕ್ಕೆ ತಾನೇ ಅಧ್ಯಕ್ಷನಾದದ್ದು. ಕುರ್ಚಿಯಲ್ಲಿ ಕುಳಿತು ಬೆಳೆಸಿದ ಹೊಟ್ಟೆ ಇಳಿಯಲಿ ಎಂದು ಡಾಕ್ಟರು ನಡೆಯಲು ಹೇಳಿದ್ದರಂತೆ. ಆದರೆ ನಡೆಯಲು ಸಂಘ ಬೇಕಾಗುವುದಿಲ್ಲ, ಫೋಟೋ ತೆಗೆಯುವವರೂ ಬರುವುದಿಲ್ಲ. ಹಾಗಾಗಿ ಸೈಕಲ್ಲು. ಭಾನುವಾರ ಬೆಳಿಗ್ಗೆ ಕುಮಟೆ ಪೇಟೆಯಲ್ಲಿ ಅವನೂ ಅವನಂಥವರೇ ನಾಲ್ಕಾರು ನಿವೃತ್ತರೂ ಮೈಗಂಟಿದ ಚಡ್ಡಿ, ಬಿರಿದ ಹಲಸಿನಕಾಯಿಯಂಥ ಟೊಪ್ಪಿ ಹಾಕಿಕೊಂಡು ಹೊರಟರೆ ಮೊದಲ ವಾರ ಬೀದಿನಾಯಿಗಳು ಬೊಗಳಿದವು. ಆಮೇಲೆ ಅವಕ್ಕೂ ನಾಚಿಕೆಯಾಯಿತೋ ಏನೋ, ಮುಖ ತಿರುಗಿಸಿ ಮಲಗತೊಡಗಿದವು.

ಇದನ್ನೆಲ್ಲ ನಾನು ಫೋನಿನ ಮೇಲೆ ಒಂದೇ ಬೆರಳಿನಿಂದ ಒತ್ತೊತ್ತಿ ಬರೆಯುತ್ತಿದ್ದೇನೆ. ಕಲಿಸಿದವಳು ಸೊಸೆ. ಟೈಪು ಕಲಿತರೆ ಅತ್ತೆ ದಿನಕ್ಕೆ ಹತ್ತು ಸಲ ನಂಟರಿಗೆ ಫೋನು ಮಾಡಿ ಕೂಗುವುದು ತಪ್ಪುತ್ತದೆ ಎಂದು ಅವಳ ಲೆಕ್ಕಾಚಾರ. ಈಗ ಕೂಗುವುದೂ ಇದೆ, ಬರೆಯುವುದೂ ಇದೆ.

ನಮ್ಮದು ಧಾರೇಶ್ವರದ ಹತ್ತಿರ, ಉಪ್ಪುನೀರಿನ ಹಳ್ಳಕ್ಕೆ ತಾಗಿದ ಕೇರಿ. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ನಮ್ಮ ಬಾವಿಗಳೆಲ್ಲ ಉಪ್ಪಾಗುತ್ತವೆ. ಬೇಳೆ ಬೇಯುವುದಿಲ್ಲ, ಚಹಾ ಬಾಯಿಗೆ ಇಡುವ ಹಾಗಿರುವುದಿಲ್ಲ. ಮಳೆ ಬೀಳುವವರೆಗೆ ಹೆದ್ದಾರಿಯ ಆಚೆ, ಗುಡ್ಡದ ಬುಡದಲ್ಲಿರುವ ಒರತೆಯಿಂದಲೇ ಕುಡಿಯುವ ನೀರು ಬರಬೇಕು. ಮೊದಲು ರಸ್ತೆ ಚಿಕ್ಕದಿತ್ತು, ಆಚೀಚೆ ನೋಡಿ ದಾಟುತ್ತಿದ್ದೆವು. ರಸ್ತೆ ಅಗಲವಾದ ಮೇಲೆ ನಡುವೆ ಗೋಡೆಯಂಥದೊಂದು ಕಟ್ಟಿದ್ದಾರೆ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಹೆಂಗಸರು ಅದನ್ನು ಹತ್ತಿ ಇಳಿಯಬೇಕು, ಎರಡೂ ಕಡೆ ಟ್ಯಾಂಕರುಗಳು ಹಾರನ್ನು ಬಾರಿಸುತ್ತ ಬರುತ್ತಿರುತ್ತವೆ. ಹೋದ ಬೇಸಿಗೆಯಲ್ಲಿ ನನ್ನ ಸೊಸೆ ಅಲ್ಲಿ ಎಡವಿ ಬಿದ್ದಳು. ಕೊಡ ಲಾರಿಯ ಚಕ್ರಕ್ಕೆ ಸಿಕ್ಕಿ ಹಪ್ಪಳವಾಯಿತು. ಅವಳು ಸಿಗಲಿಲ್ಲ, ಅಷ್ಟೇ.

ಅಂದಿನಿಂದ ಅವಳಿಗೆ ಒಂದೇ ಹಟ. ಒರತೆಯ ನೀರನ್ನು ಹೆದ್ದಾರಿಯ ಕೆಳಗಿನ ಮೋರಿಯೊಳಗಿಂದ ಪೈಪಿನಲ್ಲಿ ಕೇರಿಗೆ ತರಬೇಕು. ಅವಳು ನಮ್ಮ ಕೇರಿಯ ಮಹಿಳಾ ಸಂಘದ ಅಧ್ಯಕ್ಷೆ. ಪಂಚಾಯ್ತಿಗೆ ಅಲೆದಳು, ಒರತೆ ಇರುವ ಜಾಗದವರನ್ನು ಒಪ್ಪಿಸಿದಳು, ಎಲ್ಲ ಮನೆಯ ಹೆಂಗಸರನ್ನೂ ಹುರಿದುಂಬಿಸಿ ಪೈಪಿಗೆ ಚರಂಡಿ ತೋಡಿಸಿದಳು. ಮಣ್ಣು ಕೆಲಸ ನಮ್ಮದು, ಪೈಪು ಮತ್ತು ನೀರಿನ ಟಾಕಿ ದಾನಿಗಳದ್ದು ಎಂದು ಮಾತು. ಚರಂಡಿ ಎಲ್ಲರ ಅಂಗಳ ಸೀಳಿಕೊಂಡು ತಯಾರಾಗಿ ಮಲಗಿತ್ತು. ದಾನಿಗಳು ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಆಗ ಬಂದ ನನ್ನ ತಮ್ಮ, ಟೊಪ್ಪಿ ಸಮೇತ.

"ಅಕ್ಕ, ನಾವು ಭಟ್ಕಳದಿಂದ ಕುಮಟೆಗೆ ಸೈಕಲ್ ಯಾತ್ರೆ ಮಾಡ್ತೇವೆ. ಒಂದೊಂದು ಕಿಲೋಮೀಟರಿಗೆ ಇಷ್ಟು ಅಂತ ಜನ ಮೊದ್ಲೇ ಮಾತು ಕೊಡೂದು. ನಾವು ತುಳಿದಷ್ಟೂ ನಿಮ್ಗೆ ದುಡ್ಡು. ಗ್ರಾಮಾಭಿವೃದ್ಧಿ!"

"ಅವ್ರಿಗೆ ಕೊಡೂ ಮನಸ್ಸಿದ್ರೆ ಸುಮ್ನೆ ಕೊಡೂದಲ್ವಾ? ನೀ ಎಂತಕ್ಕೆ ತುಳೀಬೇಕು?"

"ಸುಮ್ನೆ ಕೇಳಿದ್ರೆ ಯಾರೂ ಕೊಡೂದಿಲ್ಲ ಅಕ್ಕ. ಬೆವರು ಕಾಣ್ಬೇಕು ಜನಕ್ಕೆ."

"ನಮ್ಮ ಹೆಂಗಸ್ರು ಕೊಡ ಹೊರೂವಾಗ ಬರೂದು ಎಂತ, ಪನ್ನೀರಾ?"

ಸೊಸೆ ಬಾಗಿಲ ಮರೆಯಿಂದ ನನಗೆ ಕಣ್ಣು ಬಿಟ್ಟಳು. ಅವಳಿಗೆ ಪೈಪು ಬೇಕಿತ್ತು, ಯಾರ ಬೆವರಿನದ್ದಾದರೂ ಸರಿ. ನಾನು ಬಾಯಿ ಮುಚ್ಚಿದೆ. ನನ್ನ ಮಟ್ಟಿಗೆ ಅದೂ ಒಂದು ದಾನ.

ತಮ್ಮ ಯಾತ್ರೆಗೆ ಒಂದು ವಾಟ್ಸಾಪ್ ಗುಂಪು ಮಾಡಿದ. ದಾನಿಗಳು, ಸೈಕಲ್ಲಿನವರು, ನಮ್ಮ ಸಂಘದವರು, ದಾರಿಯುದ್ದಕ್ಕೂ ಇರುವ ನಂಟರು, ಕಡೆಗೆ ನಾನೂ. ಗುಂಪಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವನ ಫೋಟೋಗಳೇ. ಸೈಕಲ್ಲಿಗೆ ಗಾಳಿ ಹಾಕುವ ಅಧ್ಯಕ್ಷರು. ಬಾಳೆಹಣ್ಣು ತಿನ್ನುವ ಅಧ್ಯಕ್ಷರು. ಸೂರ್ಯನನ್ನು ನೋಡುವ ಅಧ್ಯಕ್ಷರು. ದಾನಿಗಳಲ್ಲಿ ದೊಡ್ಡವರು ಭಟ್ಕಳದ ಒಬ್ಬ ಬಟ್ಟೆ ವ್ಯಾಪಾರಿ, ತಮ್ಮನಿಗೆ ಬ್ಯಾಂಕಿನ ಕಾಲದ ಸ್ನೇಹಿತರು. ಮನೆಯಲ್ಲಿ ನವಾಯತಿ ಮಾತಾಡಿದರೂ ಅವರ ಕನ್ನಡಕ್ಕೆ ನನ್ನ ಕನ್ನಡಕ್ಕಿಂತ ಹೆಚ್ಚು ಮೊನೆಯಿತ್ತು. ಗುಂಪಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ಸಾಹೇಬ್ರೆ, ಇಳಿಜಾರಿನಲ್ಲಿ ತುಳೀದೇ ಬರುವ ಕಿಲೋಮೀಟರಿಗೂ ನಾ ಕೊಡ್ಬೇಕಾ?" ತಮ್ಮ ನಗುವ ಮುಖಗಳನ್ನು ಸಾಲಾಗಿ ಕಳಿಸಿದ. ಉತ್ತರ ಕಳಿಸಲಿಲ್ಲ.

ಅವನು ಮಾಡಿದ ದೊಡ್ಡ ತಪ್ಪೆಂದರೆ, ಎಷ್ಟು ಗಂಟೆಗೆ ಯಾವ ಊರು ದಾಟುತ್ತೇವೆ ಎಂದು ಆ ಗುಂಪಿನಲ್ಲಿ ಹಾಕಿದ್ದು. ನಮ್ಮ ಕಡೆ ಬಿಸಿಲಿನಿಂದ ಬಂದವರಿಗೆ ಮೊದಲು ಬಾಯಾರಿಕೆಗೆ ಕೊಡಬೇಕು. ಬೆಲ್ಲ ಮತ್ತು ನೀರು, ಮಜ್ಜಿಗೆ, ಮುರುಗಲ ಪಾನಕ, ಏನಾದರೂ ಸರಿ. ಅದಕ್ಕೆ ಆಸರಿ ಎನ್ನುತ್ತೇವೆ. ಆಸರಿ ಕೊಡದವರನ್ನು ಊರು ಆಡಿಕೊಳ್ಳುತ್ತದೆ, ಕೊಟ್ಟದ್ದನ್ನು ಬೇಡ ಎಂದವರನ್ನು ಮನೆಯವರು ಸಾಯುವವರೆಗೆ ನೆನಪಿಡುತ್ತಾರೆ. ಇದು ನನ್ನ ತಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಟೊಪ್ಪಿ ಹಾಕಿದ ಮೇಲೆ ಮರೆತಿತ್ತು.

ಯಾತ್ರೆಯ ದಿನ ಬೆಳಗಿನ ಜಾವ ಭಟ್ಕಳದಲ್ಲಿ ಬಾವುಟ ಬೀಸಿದರು. ಬಟ್ಟೆ ವ್ಯಾಪಾರಿಗಳು ಮನೆಗೆ ಕರೆದು ಚಹಾ, ಸಿಹಿ ತಿಂಡಿ, ಮೇಲೊಂದಿಷ್ಟು ಖರ್ಜೂರ ಕೊಟ್ಟೇ ಬಿಟ್ಟರಂತೆ. ಶಿರಾಲಿಯಲ್ಲಿ ಒಬ್ಬರ ಬೀಗರು ಅವಲಕ್ಕಿ ಕಲಸಿಟ್ಟು ರಸ್ತೆಯಲ್ಲೇ ಅಡ್ಡ ನಿಂತಿದ್ದರು. ಆಮೇಲೆ ಎಳನೀರು. ಆಮೇಲೆ ಯಾರದೋ ಚಿಕ್ಕಮ್ಮನ ಮನೆಯ ಮಜ್ಜಿಗೆ. ಮುರ್ಡೇಶ್ವರದ ಕ್ರಾಸಿಗೆ ಬರುವಷ್ಟರಲ್ಲಿ ಬನ್ಸಿನ ಬುಟ್ಟಿ ಹಿಡಿದ ಇನ್ನೊಂದು ಕುಟುಂಬ. ಗುಂಪಿನಲ್ಲಿ ಎಲ್ಲದರ ಫೋಟೋ ಬರುತ್ತಿತ್ತು. ಒಂದೊಂದು ಫೋಟೋದಲ್ಲೂ ಅಧ್ಯಕ್ಷರ ಚಡ್ಡಿ ಇನ್ನಷ್ಟು ಬಿಗಿಯಾಗುತ್ತಿತ್ತು. ಬನ್ಸು ಕಚ್ಚಿದ ಮೇಲೆ ಫೋಟೋಗಳು ನಿಂತವು.

ಕುಮಟೆಯಲ್ಲಿ ಪೆಂಡಾಲು, ಮೈಕು, ಹೂವಿನ ಹಾರ. ನಾನೂ ಸೊಸೆಯೂ ಮೊದಲ ಸಾಲಿನಲ್ಲಿ ಕುಳಿತಿದ್ದೆವು. ಹೇಳಿದ ಹೊತ್ತಿಗೆ ಸರಿಯಾಗಿ ಸೈಕಲ್ಲುಗಳು ಬಂದವು. ಚಪ್ಪಾಳೆ. ತಮ್ಮ ಇಳಿದು ನನ್ನ ಕಾಲಿಗೆ ನಮಸ್ಕಾರ ಮಾಡಿದ. ಬೆವರು ಅಷ್ಟೇನೂ ಕಾಣಲಿಲ್ಲ. ಆದರೆ ವಾಸನೆ ಬಂತು. ನಾನು ಹುಟ್ಟಿದಾಗಿನಿಂದ ಮೀನು ತಿಂದವಳು. ಬಂಗಡೆಯ ವಾಸನೆಗೂ ಮನುಷ್ಯರ ಬೆವರಿಗೂ ವ್ಯತ್ಯಾಸ ಗೊತ್ತಾಗದಿದ್ದರೆ ಮೂಗು ಕೊಯ್ದು ಎಸೆಯಬೇಕು. ಅವನ ಸೈಕಲ್ಲಿನ ಹತ್ತಿರ ಹೋಗಿ ನೋಡಿದೆ. ಚಕ್ರದ ಕಡ್ಡಿಗೆ ಮೀನಿನ ಹುರುಪೆ ಅಂಟಿತ್ತು.

"ಎಂತ ನೋಡ್ತೀರಿ ಅತ್ತೆ?" ಎಂದಳು ಸೊಸೆ.

"ಎಂತ ಇಲ್ಲ. ಹೆದ್ದಾರಿಯಲ್ಲಿ ಬಂಗಡೆ ಬಂದದೆ ಈ ವರ್ಷ."

ಅವಳಿಗೆ ಅರ್ಥವಾಗಲಿಲ್ಲ. ಮೈಕಿನಲ್ಲಿ ತಮ್ಮ ಆಗಲೇ "ದಾರಿಯ ಒಂದೊಂದು ಏರೂ ನಮ್ಮ ಸಂಕಲ್ಪವನ್ನು ಪರೀಕ್ಷಿಸಿತು" ಎಂದು ಶುರುಮಾಡಿದ್ದ.

ಮನೆಗೆ ಬಂದು ಸೀರೆ ಬದಲಿಸಿರಲಿಲ್ಲ, ಮಂಕಿಯಿಂದ ತಂಗಿಯ ಫೋನು. ಅವಳ ಮನೆ ರಸ್ತೆಗೆ ತಾಗಿಯೇ ಇದೆ. ಮುರ್ಡೇಶ್ವರದಿಂದ ಹೊನ್ನಾವರಕ್ಕೆ ಹೋಗುವ ಯಾವ ವಾಹನವೂ ಅವಳ ಕಣ್ಣು ತಪ್ಪಿಸುವಂತಿಲ್ಲ. ಅವಳು ಅಳುತ್ತಿದ್ದಳು, ಬೈಯುತ್ತಲೂ ಇದ್ದಳು.

"ಅಕ್ಕ, ನಾ ಸತ್ತೆ ಅಂದ್ಕೊಂಡಿದ್ನಾ ಅವ? ಬೆಳಗಾತ ಎದ್ದು ಪಾನಕ ಮಾಡಿ, ಚಕ್ಕುಲಿ ಕರ್ದು, ಜಗಲಿ ಮೇಲೆ ಇಟ್ಕೊಂಡು ಕೂತಿದ್ದೆ. ತಂಗಿ ಮನೆ ಬಾಗ್ಲು ತುಳೀಲಿಲ್ಲ. ತಿರುಗೂ ನೋಡ್ಲಿಲ್ಲ!"

"ನಿಂಗೆ ಸೈಕಲ್ ಕಂಡಿತ್ತಾ?"

"ಸೈಕಲ್ ಎಲ್ಲಿ? ಮಧ್ಯಾಹ್ನದವರೆಗೆ ಕೂತೆ ಮಾರಾಯ್ತಿ. ಒಂದು ಸೈಕಲ್ ಹೋಗ್ಲಿಲ್ಲ."

"ಮತ್ತೆ ಎಂತ ಹೋತು?"

ಅವಳು ಯೋಚಿಸಿದಳು. ಬಸ್ಸು, ಟ್ಯಾಂಕರು, ಕಾರು, ಟಾರ್ಪಾಲು ಕಟ್ಟಿದ ಒಂದು ಮೀನಿನ ಟೆಂಪೋ. "ಟೆಂಪೋ ಒಳಗಿಂದ ಯಾರೋ ಕೆಮ್ಮಿದ ಹಾಗೆ ಕೇಳ್ತು," ಎಂದಳು. "ಮೀನು ಕೆಮ್ಮೂದಿಲ್ಲ ಅಲ್ವಾ ಅಕ್ಕ?"

ನಾನು ನಕ್ಕು ನಕ್ಕು ಕೆಳಗೆ ಕುಳಿತೆ. ಸೊಸೆ ಓಡಿಬಂದಳು. ಹೇಳಿದೆ. ಅವಳು ನಗಲಿಲ್ಲ.

"ಅತ್ತೆ, ದಾನಿಗಳಿಗೆ ಗೊತ್ತಾದ್ರೆ ಒಬ್ರೂ ಕೊಡೂದಿಲ್ಲ," ಎಂದಳು. "ಇನ್ನೂ ಯಾರೂ ಕೊಟ್ಟಿಲ್ಲ, ಬರೀ ಮಾತು. ಎಲ್ಲರ ಅಂಗಳ ಅಗ್ದು ಹಾಕಿದ್ದೇನೆ. ಮಳೆ ಬಂದ್ರೆ ಆ ಚರಂಡಿಯಲ್ಲಿ ಮನೆ ಅಡಿಪಾಯವೇ ಕುಸೀತದೆ. ಬಾವಿ ನೀರು ಆಗ್ಲೇ ಉಪ್ಪಾಗ್ತಾ ಬಂತು. ಯಾರಿಗೂ ಹೇಳ್ಬೇಡಿ."

ಅಂಗಳಕ್ಕಿಳಿದು ಚರಂಡಿಯ ಅಂಚಿನ ಮಣ್ಣನ್ನು ಕಾಲಿನಿಂದ ಒತ್ತಿದಳು. ಆಮೇಲೆ ತಾನೇ ಹೇಳಿದಳು: "ಟೆಂಪೋದವ ನಾಳೆ ಬಂದರಿನಲ್ಲಿ ಹೇಳ್ತಾನೆ. ನಾಡಿದ್ದು ಭಟ್ಕಳದ ಅಂಗಡಿಗೆ ಸುದ್ದಿ ಮುಟ್ತದೆ. ಆಗ ಸುಳ್ಳು ಹೇಳಿ ದುಡ್ಡು ತಕಂಡವ್ರು ಅಂತ ನಮ್ಮ ಸಂಘದ ಹೆಸ್ರೇ ಬರೂದು. ಮಾವನ ಹೆಸ್ರಲ್ಲ."

ಅದು ಸರಿ. ಗಂಡಸರು ಟೆಂಪೋದಲ್ಲಿ ಹೋಗುತ್ತಾರೆ, ಹೆಸರು ಹೆಂಗಸರದು ಕೆಡುತ್ತದೆ. ನಾನು ತಮ್ಮನಿಗೆ ಫೋನು ಹಚ್ಚಿದೆ.

"ಮೀನು ಹೇಗಿತ್ತು ತಮ್ಮ? ತಾಜಾ ಇತ್ತಾ?"

ಆ ಕಡೆಯಿಂದ ಬಂದದ್ದು ಒಂದು ಸಣ್ಣ ಸ್ವರ. "ಅಕ್ಕ, ಆಸರಿ ಕುಡ್ದು ಕುಡ್ದು ಹೊಟ್ಟೆ ಒಡ್ದು ಹೋತಿತ್ತು. ಕಾಲು ಎತ್ತೂಕೇ ಆಗ್ಲಿಲ್ಲ. ಒಬ್ಬವ ವಾಂತಿ ಮಾಡ್ದ. ಇನ್ನೂ ಮಂಕಿಯಲ್ಲಿ ತಂಗಿ ಮನೆ, ಆಚೆ ಎರಡು ಬೀಗರ ಮನೆ. ಹೇಳಿದ ಹೊತ್ತಿಗೆ ಕುಮಟೆಯಲ್ಲಿ ಮೈಕು ಸಿದ್ಧ. ಎಂತ ಮಾಡೂದು? ಮೀನಿನ ಟೆಂಪೋ ಹತ್ತಿ ಟಾರ್ಪಾಲು ಹೊದ್ದು ಮಲಗಿದ್ವು. ಹೊನ್ನಾವರದ ಸೇತುವೆ ಹತ್ರ ಇಳ್ದು ಮತ್ತೆ ತುಳ್ದಿದ್ದು ದೇವರಾಣೆ ಸತ್ಯ."

ಒಂದು ಲೋಟ ಪಾನಕಕ್ಕೆ ಹೆದರಿ ಮೀನಿನ ಜೊತೆ ಮಲಗಿದ ಅಧ್ಯಕ್ಷ! ಮದುವೆ ಮನೆಗಳಲ್ಲಿ ಎರಡನೇ ಸಲ ಹೋಳಿಗೆ ಕೇಳಿ ಹಾಕಿಸಿಕೊಳ್ಳುವವನು ಇವನೇ.

"ಬರೂ ಭಾನುವಾರ ಮುರ್ಡೇಶ್ವರದಿಂದ ಹೊನ್ನಾವರದ ಸೇತುವೆವರೆಗೆ ತುಳಿ. ನಾ ಹಿಂದೆ ರಿಕ್ಷಾದಲ್ಲಿ ಬತ್ತೆ."

"ಜನ ಎಂತ ಹೇಳೂದು? ನನ್ನ ಮಾನ?"

"ನಿನ್ನ ಮಾನ ಮೀನಿನ ಬರ್ಫದ ಮೇಲೆ ಹೋತಲ್ಲ ಆಗ್ಲೇ. ತುಳೀದಿದ್ರೆ ಗುಂಪಿನಲ್ಲಿ ನಾನೇ ಬರೀತೆ."

"ನಿಂಗೆ ಟೈಪ್ ಮಾಡೂಕೆ ಎಲ್ಲಿ ಬತ್ತದೆ ಅಕ್ಕ?"

"ನಿಧಾನ ಬತ್ತದೆ. ಬರೂವಷ್ಟು ಹೊತ್ತು ಜನ ಕಾಯ್ತಾರೆ."

ಆದರೆ ಬರೆದವಳು ನಾನಲ್ಲ, ಸೊಸೆ. ಭಾನುವಾರಕ್ಕೆ ಕಾಯದೆ ಆವತ್ತೇ ಮಹಿಳಾ ಸಂಘದ ಹೆಸರಿನಲ್ಲಿ ಬರೆದಳು. ಮುರ್ಡೇಶ್ವರದಿಂದ ಹೊನ್ನಾವರದ ತನಕ ಯಾತ್ರಿಕರು ಮೀನಿನ ಟೆಂಪೋದಲ್ಲಿ ಬಂದಿದ್ದಾರೆ, ಆ ದಾರಿಯನ್ನು ಭಾನುವಾರ ತುಳಿಯುತ್ತಾರೆ, ಅಲ್ಲಿಯವರೆಗೆ ಯಾರೂ ಹಣ ಕಳಿಸಬಾರದು. ಹುಟ್ಟುಹಬ್ಬಕ್ಕೆ, ಸಾವಿಗೆ, ಮೋಡಕ್ಕೆ, ಎಲ್ಲದಕ್ಕೂ ಹೂಗುಚ್ಛ ಕಳಿಸುವ ಗುಂಪಿನ ಜನ ಅಂದು ಒಂದು ಎಸಳೂ ಕಳಿಸಲಿಲ್ಲ. ಇಬ್ಬರು ಗುಂಪು ಬಿಟ್ಟೇ ಹೋದರು. ಕತಗಾಲದ ಕಡೆಯ ಒಬ್ಬ ತೋಟದವರು ಮಾತ್ರ "ಇದು ವಿಶ್ವಾಸದ ಪ್ರಶ್ನೆ" ಎಂದು ಉದ್ದಕ್ಕೆ ಬರೆದರು. ಅವರು ಕೊಡುತ್ತೇನೆಂದು ಹೇಳಿದ್ದು ಎಲ್ಲರಿಗಿಂತ ಕಡಿಮೆ. ಸೊಸೆ ಫೋನನ್ನು ಅಕ್ಕಿ ಡಬ್ಬದ ಮೇಲೆ ಕವುಚಿ ಇಟ್ಟು, ಹೊರಗೆ ಹೋಗಿ ಚರಂಡಿಗೆ ಬಿದ್ದಿದ್ದ ಮಣ್ಣು ಎತ್ತಿಹಾಕತೊಡಗಿದಳು.

ಕೊನೆಗೆ ಬಟ್ಟೆ ವ್ಯಾಪಾರಿಗಳು ಸೊಸೆಗೆ ಉತ್ತರ ಬರೆದರು: "ತಂಗಿ, ಭಾನುವಾರ ತುಳಿಯಲಿ. ಮೀನಿನ ಕಿಲೋಮೀಟರು ಬಿಟ್ಟು ಮನುಷ್ಯರ ಕಿಲೋಮೀಟರಿಗೆ ನಾನು ಕೊಡುತ್ತೇನೆ."

ಈಗ ಆಸರಿಯ ವ್ಯವಸ್ಥೆ ಆಗಬೇಕಿತ್ತು. ಅಂದರೆ ಆಸರಿ ಸಿಗದ ವ್ಯವಸ್ಥೆ. ಆ ದಾರಿಯ ನಂಟರಿಗೆಲ್ಲ ಫೋನು ಮಾಡಿ, ಭಾನುವಾರ ಸೈಕಲ್ಲು ಬರುವಾಗ ಮುಂಬಾಗಿಲು ಹಾಕಿಕೊಳ್ಳಿ ಎಂದೆ. ನನಗೆ ಅರಳುಮರಳು ಎಂದುಕೊಂಡವರೇ ಹೆಚ್ಚು. ಮಂಕಿಯ ತಂಗಿ ಕೂಗಾಡಿದಳು.

"ಹಗಲಿನಲ್ಲಿ ಬಾಗ್ಲು ಹಾಕೂದಾ? ಸ್ವಂತ ಅಣ್ಣ ಬರೂವಾಗ? ಊರವ್ರು ನನ್ನ ಮುಖಕ್ಕೆ ಉಗಿಯೂದಿಲ್ವಾ?"

"ನೀ ಬಾಗ್ಲು ತೆಗ್ದ್ರೆ ಅವ ಕೂತ್ಕಂತ. ಕೂತ್ರೆ ಏಳೂದಿಲ್ಲ. ನನ್ನ ಸೊಸೆ ಮತ್ತೆ ಆ ಗೋಡೆ ಹತ್ತಬೇಕು, ಕೊಡ ಹೊತ್ಕಂಡು. ಗೊತ್ತಾತಾ?"

ಅವಳು ಫೋನು ಇಟ್ಟಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಭಾನುವಾರ ಮುರ್ಡೇಶ್ವರದ ಕ್ರಾಸಿನಲ್ಲಿ ಬಾವುಟ ಇಲ್ಲ, ಮೈಕು ಇಲ್ಲ. ಸೈಕಲ್ ಸಂಘದ ಉಳಿದವರಿಗೆಲ್ಲ ಆವತ್ತೇ ಮೊಣಕಾಲು ನೋವು, ಗೃಹಪ್ರವೇಶ. ತಮ್ಮನೂ, ಹೋದ ಸಲ ವಾಂತಿ ಮಾಡಿದವನೂ, ಇಬ್ಬರೇ. ಹಿಂದೆ ರಿಕ್ಷಾದಲ್ಲಿ ನಾನು ಮತ್ತು ಸೊಸೆ. ಏರು ಬಂದಲ್ಲಿ ತಮ್ಮ ಇಳಿದು ಸೈಕಲ್ಲು ತಳ್ಳಿದ. ನಾನು ರಿಕ್ಷಾದಿಂದ ತಲೆ ಹೊರಗೆ ಹಾಕಿ "ತಳ್ಳಿದ್ದು ಲೆಕ್ಕಕ್ಕಿಲ್ಲ, ಹತ್ತು!" ಎಂದೆ. ಅವನು ಹತ್ತಿದ. ಈ ಸಲ ಬೆವರು ಕಂಡಿತು. ಅಂಗಿ ಬೆನ್ನಿಗೆ ಅಂಟಿ, ಮುಖ ಬೀಟ್ರೂಟಿನ ಹಾಗಾಗಿತ್ತು. ಫೋಟೋ ತೆಗೆಯಲು ಯಾರೂ ಇರಲಿಲ್ಲ. ಅದೇ ಅವನಿಗೆ ಏರಿಗಿಂತ ಕಷ್ಟವಾಗಿದ್ದು ಎಂದು ನನ್ನ ಗುಮಾನಿ.

ದಾರಿಯುದ್ದಕ್ಕೂ ನಂಟರ ಬಾಗಿಲುಗಳು ಮುಚ್ಚಿದ್ದವು. ಮಂಕಿಯಲ್ಲಿ ತಂಗಿಯ ಮನೆಯ ಬಾಗಿಲೂ ಮುಚ್ಚಿತ್ತು. ತಮ್ಮ ಅಲ್ಲಿ ಕಾಲೂರಿ ನಿಂತೇಬಿಟ್ಟ. ಕಿಟಕಿಯ ಸರಳಿನ ಹಿಂದಿನಿಂದ ತಂಗಿಯ ಸ್ವರ ಬಂತು.

"ನಿಲ್ಬೇಡ! ಹೋಗು! ನಾ ಮನೆಯಲ್ಲಿಲ್ಲ!"

"ಒಂದು ಲೋಟ ನೀರಾದ್ರೂ ಕೊಡೇ..."

"ಕೊಡೂದಿಲ್ಲ! ಅಕ್ಕ ಕೊಲ್ತದೆ ನನ್ನ!" ಎಂದು ಕಿಟಕಿಯ ಬಾಗಿಲನ್ನೂ ಹಾಕಿದಳು. ಒಳಗೆ ಮೂಗು ಸೀಟಿದ ಸದ್ದು ರಿಕ್ಷಾದವರೆಗೂ ಕೇಳಿತು. ನನ್ನ ಸೊಸೆ ಚೀಲದಿಂದ ನೀರಿನ ಬಾಟಲಿ ತೆಗೆದು ಅವನಿಗೆ ಕೊಟ್ಟಳು. ನಾನು ತಡೆಯಲಿಲ್ಲ. ನೀರಿಗಾಗಿ ತುಳಿಯುವವನಿಗೆ ನೀರೇ ಇಲ್ಲವೆಂದರೆ ಹೇಗೆ. ಅವನು ಕುಡಿದು, ಬಾಯಿ ಒರೆಸಿಕೊಂಡು, ನನ್ನ ಕಡೆ ನೋಡದೆ ಮತ್ತೆ ಹತ್ತಿದ. ಶರಾವತಿಯ ಸೇತುವೆಯ ಈಚೆ ತುದಿಯಲ್ಲಿ ಇಳಿದು ಡಾಂಬರಿನ ಮೇಲೇ ಕುಳಿತ. ಸೊಸೆ ತನ್ನ ಫೋನಿನಲ್ಲಿ ಅವನ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದಳು. ಬಾಯಿ ತೆರೆದ ಅಧ್ಯಕ್ಷರು. ಅವನ ಎಷ್ಟೋ ಫೋಟೋಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಕೊಟ್ಟ ಮಾತಿಗೆ ಎಲ್ಲರೂ ನಿಲ್ಲಲಿಲ್ಲ. ವಿಶ್ವಾಸದ ಪ್ರಶ್ನೆ ಎತ್ತಿದವರು ಉತ್ತರ ಸಿಕ್ಕಿದ ಮೇಲೂ ಕೊಡಲಿಲ್ಲ. ಟಾಕಿ ಅಂದುಕೊಂಡದ್ದಕ್ಕಿಂತ ಚಿಕ್ಕದಾಯಿತು. ಪೈಪು ಮಾತ್ರ ಪೂರ್ತಿ ಬಂತು. ಹೆಂಗಸರೇ ಮೋರಿಯೊಳಗೆ ಬಗ್ಗಿ ಎಳೆದರು, ಚರಂಡಿಗೆ ಇಳಿಸಿದರು, ಮಣ್ಣು ಮುಚ್ಚಿದರು. ಯುಗಾದಿಗೆ ಮೊದಲು ಕೇರಿಯ ನಡುವೆ ನಲ್ಲಿ ನಿಂತಿತು. ತೆರೆದಾಗ ಮೊದಲು ಗಾಳಿ ಬಂತು, ಆಮೇಲೆ ಕೆಂಪು ರಾಡಿ, ಆಮೇಲೆ ನೀರು. ಸೊಸೆ ಬೊಗಸೆಯಲ್ಲಿ ಹಿಡಿದು ಕುಡಿದಳು. ಇನ್ನೊಂದು ಬೊಗಸೆ ಹಿಡಿದಳು.

ಅಷ್ಟರಲ್ಲಿ ಅಧ್ಯಕ್ಷರು ಉದ್ಘಾಟನೆಗೆ ಬಂದರು. ಸೈಕಲ್ಲಿನ ಮೇಲೇ, ಟೊಪ್ಪಿ ಸಮೇತ. ಕೇರಿಯ ದಾರಿಯ ಹಸಿ ಮಣ್ಣಿನಲ್ಲಿ ಅವನ ಚಕ್ರ ಹೂತು ರಾಡಿಯಾಗಿತ್ತು. ಹೆಂಗಸರೆಲ್ಲ ಕುಂಕುಮ, ತೆಂಗಿನಕಾಯಿ ಎಂದು ಒಳಗೆ ಹೊರಗೆ ಓಡಾಡುತ್ತಿದ್ದಾಗ, ಅವನು ಸುಮ್ಮನೆ ಸೈಕಲ್ಲನ್ನು ನಲ್ಲಿಯ ಕೆಳಗೆ ನಿಲ್ಲಿಸಿ, ನೀರು ಪೂರ್ತಿ ಬಿಟ್ಟು, ಚಕ್ರ ತೊಳೆಯತೊಡಗಿದ.

ಇಪ್ಪತ್ತು ವರ್ಷ ಅವನೆದುರು ತಲೆಯ ಮೇಲಿನ ಸೆರಗು ಸರಿಸದೆ "ಮಾವ, ಊಟಕ್ಕೆ ಏಳ್ತೀರಾ" ಎಂದಷ್ಟೇ ಮಾತಾಡಿದವಳು ನನ್ನ ಸೊಸೆ. ಅವಳು ಕಾಯಿ ಒಡೆಯುವ ಕತ್ತಿ ಹಿಡಿದೇ ಓಡಿಬಂದಳು.

"ಮಾವ! ಕುಡಿಯೂ ನೀರು ಅದು! ಆಚೆ ಹಳ್ಳ ಕಾಣೂದಿಲ್ವಾ ನಿಮ್ಗೆ? ನಿಮ್ಮ ಗಾಡಿಯನ್ನ ಅಲ್ಲಿ ಮುಳುಗ್ಸಿ! ಬಂದ್ ಮಾಡಿ ಮೊದ್ಲು!"

ಅವನು ಬಂದ್ ಮಾಡಿದ. ಕೇರಿಯ ಹೆಂಗಸರೆಲ್ಲ ನೋಡುತ್ತ ನಿಂತಿದ್ದರು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಗದ್ದೆಯ ಅಂಚಿನಲ್ಲಿ ಉಪ್ಪುನೀರಿನ ಹಳ್ಳದ ಕಡೆ ಹೋದ. ಸೊಸೆ ನಲ್ಲಿಯನ್ನು ಇನ್ನೊಮ್ಮೆ ಬಿಗಿಯಾಗಿ ತಿರುಗಿಸಿ, ಹನಿ ಬೀಳುತ್ತದೆಯೇ ಎಂದು ಬಗ್ಗಿ ನೋಡಿದಳು.